ಗಾಡಿ ಮೇಲಿನ ರೇಡಿಯಂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರಸ್ತೆಗಳಲ್ಲಿ ಓಡಾಡುವ ಆಟೊ, ಟ್ರ್ಯಾಕ್ಟರ್, ಗೂಡ್ಸ್ ಗಾಡಿಗಳ ಮೈಮೇಲಿನ ಅಕ್ಷರಗಳಲ್ಲಿ ಬಹುಪಾಲು ಈಗ ಕುಂಚದಿಂದ ಬರೆದವಲ್ಲ. ವಿನೈಲ್ ಹಾಳೆಯಿಂದ ಕತ್ತರಿಸಿ ಅಂಟಿಸಿದವು. ಈ ಕೆಲಸಕ್ಕೆ ಜನರ ಬಾಯಲ್ಲಿ ‘ರೇಡಿಯಂ ಕಟಿಂಗ್’ ಎಂದೇ ಹೆಸರು. ಅದರಲ್ಲಿ ರೇಡಿಯಂ ಧಾತುವಿನ ಒಂದು ಕಣವೂ ಇಲ್ಲ. ಕ್ಯೂರಿ ದಂಪತಿ 1898ರಲ್ಲಿ ಪತ್ತೆಹಚ್ಚಿದ ರೇಡಿಯಂ ಒಂದು ಕಾಲಕ್ಕೆ ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಳ್ಳಿನ ಬಣ್ಣದಲ್ಲಿ ಸೇರಿರುತ್ತಿತ್ತು. ಹೊಳೆಯುವುದೆಲ್ಲ ರೇಡಿಯಂ ಎಂಬ ರೂಢಿ ಹೆಡ್‌ಲೈಟಿಗೆ ಮಿನುಗುವ ಹಾಳೆಗೂ, ಕೊನೆಗೆ ಮಿನುಗದ ಸಾದಾ ಸ್ಟಿಕ್ಕರಿಗೂ ಅಂಟಿಕೊಂಡಿತು.

ಸಾದಾ ಸ್ಟಿಕ್ಕರಿನಲ್ಲಿ ಮೂರು ಪದರಗಳಿವೆ. ಮೇಲಿನದು ಬಣ್ಣದ ಪಿವಿಸಿ ಹಾಳೆ. ನೀರಿನ ಪೈಪಾಗಿ ಗಟ್ಟಿಯಾಗಿ ನಿಲ್ಲುವ ಪಿವಿಸಿಗೆ ಮೆದುಕಾರಕ ದ್ರವ ಬೆರೆಸಿದರೆ ಬಟ್ಟೆಯಂತೆ ಬಾಗುತ್ತದೆ ಎಂಬುದನ್ನು ಅಮೆರಿಕದ ವಾಲ್ಡೊ ಸೀಮನ್ 1926ರಲ್ಲಿ ತೋರಿಸಿಕೊಟ್ಟರು. ಹಾಳೆಯ ದಪ್ಪ 50ರಿಂದ 100 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಅದರಡಿ ಇನ್ನೂ ತೆಳುವಾದ ಅಕ್ರಿಲಿಕ್ ಅಂಟು. ಕೆಳಗೆ, ಸುಲಿದು ಬಿಸಾಡುವ ಕಾಗದ.

ಇದರಲ್ಲಿ ಸೋಜಿಗವಿರುವುದು ಅಂಟಿನ ನಡವಳಿಕೆಯಲ್ಲಿ. ಫೆವಿಕಾಲ್ ಒಣಗಿದ ಮೇಲೆ ಹಿಡಿಯುತ್ತದೆ. ಸ್ಟಿಕ್ಕರಿನ ಅಂಟು ಎಂದೂ ಒಣಗುವುದಿಲ್ಲ. ಅದು ಅರೆ ದ್ರವ, ಅರೆ ಘನ. ಮೆಲ್ಲಗೆ ಒತ್ತಿದರೆ ಹರಿದು ಬಣ್ಣದ ಸಣ್ಣ ಏರುತಗ್ಗುಗಳಿಗೆ ಇಳಿಯುತ್ತದೆ, ಥಟ್ಟನೆ ಎಳೆದರೆ ರಬ್ಬರಿನಂತೆ ಎದುರು ನಿಲ್ಲುತ್ತದೆ. ಹಲಸಿನ ಮೇಣ ಕೈಗೆ ಮೆತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಣ್ಣು ಬಿಡಿಸುವ ಮುನ್ನ ಅಂಗೈಗೆ ಎಣ್ಣೆ ಸವರಿಕೊಂಡರೆ ಮೇಣ ಹಿಡಿಯದು ಎಂಬುದೂ ಗೊತ್ತಿರುತ್ತದೆ. ಸ್ಟಿಕ್ಕರಿನ ಹಿಂಬದಿ ಕಾಗದಕ್ಕೆ ಸವರಿರುವ ಸಿಲಿಕೋನ್ ಆ ಎಣ್ಣೆಯ ಕೆಲಸವನ್ನೇ ಮಾಡುತ್ತದೆ.

ಎಣ್ಣೆ ಸವರಿದ ಕೈಯನ್ನು ಭೌತವಿಜ್ಞಾನ ‘ಮೇಲ್ಮೈ ಶಕ್ತಿ ಕಡಿಮೆಯಿರುವ ವಸ್ತು’ ಎನ್ನುತ್ತದೆ. ಅಂಟು ಒಂದು ವಸ್ತುವಿನ ಮೇಲೆ ಹರಡಬೇಕಾದರೆ ಆ ವಸ್ತುವಿನ ಮೇಲ್ಮೈ ಅಂಟನ್ನು ಸಾಕಷ್ಟು ಬಲವಾಗಿ ಸೆಳೆಯಬೇಕು. ಸಿಲಿಕೋನಿನ ಮೇಲ್ಮೈ ಶಕ್ತಿ ಪ್ರತಿ ಮೀಟರಿಗೆ ಸುಮಾರು 22 ಮಿಲಿನ್ಯೂಟನ್, ಕಪ್ಪು ಬಂಪರಿನ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು 30ರ ಆಸುಪಾಸು. ಗಾಡಿಯ ಒಳ್ಳೆಯ ಬಣ್ಣದ್ದು 40ರ ಹತ್ತಿರ. ಬಾಗಿಲ ಮೇಲೆ ವರ್ಷಗಟ್ಟಲೆ ನಿಲ್ಲುವ ಅದೇ ಹಾಳೆ ಬಣ್ಣ ಹೊಡೆಯದ ಬಂಪರಿನಿಂದ ಒಂದೇ ಮಳೆಗಾಲದಲ್ಲಿ ಕಳಚಿ ಬೀಳುವುದು ಇದರಿಂದ. ಪಾಲಿಶ್ ಮಾಡಿದ ಬಾನೆಟ್ಟೂ ಹಾಗೆಯೇ. ಕೆಸುವಿನೆಲೆಯ ಮೇಲಿನಂತೆ ನೀರು ದುಂಡು ಮಣಿಯಾಗಿ ನಿಂತರೆ ಅಲ್ಲಿ ಮೇಣದ ಪದರವಿದೆ ಎಂದರ್ಥ. ಚಪ್ಪಟೆಯಾಗಿ ಹರಡಿಕೊಂಡರೆ ಅಂಟಿಗೂ ಜಾಗವಿದೆ.

ಅಂಟಿಸುವ ಮೊದಲು ಅಕ್ಷರ ತಯಾರಾಗಬೇಕು. ಕಂಪ್ಯೂಟರಿನಲ್ಲಿ ಜೋಡಿಸಿದ ಹೆಸರನ್ನು ಪ್ಲಾಟರ್ ಯಂತ್ರದ ಪುಟ್ಟ ಚೂರಿ ಹಾಳೆಯ ಮೇಲೆ ಕೊರೆಯುತ್ತದೆ. ವಿನೈಲ್ ಮತ್ತು ಅಂಟು ಕತ್ತರಿಸಬೇಕು, ಕಾಗದ ಉಳಿಯಬೇಕು. ಚೂರಿಯ ಒತ್ತಡ ತುಸು ಹೆಚ್ಚಿದರೂ ಕಾಗದ ಹರಿಯುತ್ತದೆ. ಬಳಿಕ ಅಕ್ಷರದ ಸುತ್ತಲಿನ ಬೇಡದ ಭಾಗವನ್ನು ಕಿತ್ತು ತೆಗೆಯುತ್ತಾರೆ. ಇಲ್ಲಿ ಕನ್ನಡ ಲಿಪಿಗೆ ಒಂದು ಅನುಕೂಲ, ಒಂದು ಅನನುಕೂಲ. ಸ್ಟಿಕ್ಕರ್ ಮೊದಲು ಏಳುವುದು ಚೂಪು ಮೂಲೆಗಳಲ್ಲಿ. ದುಂಡಗಿನ ಕನ್ನಡಕ್ಕೆ ಅಂಥ ಮೂಲೆಗಳು ಕಡಿಮೆ. ಆದರೆ ‘ಠ’, ‘ಥ’ಗಳ ಹೊಟ್ಟೆಯೊಳಗಿನ ಚುಕ್ಕೆಗೂ ಪುಟ್ಟ ಒತ್ತಕ್ಷರಗಳಿಗೂ ಅಂಟಿನ ವಿಸ್ತೀರ್ಣ ತೀರಾ ಸಣ್ಣದು. ಕೀಳುವಾಗಲೇ ಅವು ಎದ್ದು ಹೋಗುವುದುಂಟು, ಉಳಿದವೂ ಗಾಡಿ ತೊಳೆಯುವ ಪ್ರೆಷರ್ ನೀರಿಗೆ ಹಾರುವುದುಂಟು.

ಪ್ಲಾಟರಿಗೆ ಒಗ್ಗುವ ಚಿತ್ರವೆಂದರೆ ಬಣ್ಣ ಕಡಿಮೆಯಿರುವ, ಅಂಚು ಸ್ಪಷ್ಟವಿರುವ ಚಿತ್ರ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಯುವಕರ ಧ್ವಜಕ್ಕೆಂದು ಬರೆದುಕೊಟ್ಟ, ಹುಬ್ಬು ಗಂಟಿಕ್ಕಿದ ಹನುಮಂತನ ಮುಖ ಇಂಥದ್ದು. ಕೇಸರಿ ಮತ್ತು ಕಪ್ಪು, ಎರಡೇ ಬಣ್ಣ. ಅದು ಕರ್ನಾಟಕದ ವಾಹನಗಳ ಹಿಂಗಾಜನ್ನೆಲ್ಲ ಆವರಿಸಿಕೊಂಡಿದ್ದಕ್ಕೆ ಭಕ್ತಿ, ರಾಜಕೀಯ ಎಂದು ಹಲವು ಕಾರಣ ಹೇಳಲಾಯಿತು. ಎರಡು ತುಂಡು ಹಾಳೆಯಲ್ಲಿ ಯಾವ ಸಣ್ಣ ಅಂಗಡಿಯೂ ಅದನ್ನು ಕತ್ತರಿಸಬಹುದಿತ್ತು ಎಂಬ ಕಾರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಬಣ್ಣದ ವಿಷಯ. ಸ್ಟಿಕ್ಕರ್ ಹಿಡಿದುಕೊಳ್ಳುವುದು ಕಬ್ಬಿಣದ ತಗಡನ್ನಲ್ಲ, ತಗಡಿನ ಮೇಲಿನ ಬಣ್ಣವನ್ನು. ಆ ಬಣ್ಣ ಎಷ್ಟು ಗಟ್ಟಿಯೋ ಸ್ಟಿಕ್ಕರ್ ಅಷ್ಟೇ ಗಟ್ಟಿ. ಕಾರ್ಖಾನೆಯಲ್ಲಿ ಬಣ್ಣವನ್ನು ಒಲೆಯೊಳಗೆ ಬೇಯಿಸುತ್ತಾರೆ, ಅಲ್ಲಿಂದ ಹೊರಬರುವ ಹೊತ್ತಿಗೆ ಅದು ಪೂರ್ತಿ ಗಟ್ಟಿಯಾಗಿರುತ್ತದೆ. ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿ ಹೊಡೆದ ಬಣ್ಣ ಗಾಳಿಗೆ ಒಣಗುವಂಥದು. ಬೆರಳಿಗೆ ಅಂಟದಿದ್ದರೂ ಅದರೊಳಗಿನ ತಿನ್ನರ್ ವಾರಗಟ್ಟಲೆ ಆವಿಯಾಗಿ ಹೊರಬರುತ್ತಲೇ ಇರುತ್ತದೆ. ಆಯುಧ ಪೂಜೆಗೆ ಮೂರು ದಿನ ಇದೆ ಎನ್ನುವಾಗ ಗಾಡಿಗೆ ಬಣ್ಣ ಹೊಡೆಸಿ, ಮರುದಿನವೇ ‘ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ’ ಎಂದು ಅಂಟಿಸುವ ಅವಸರ ಈ ಆವಿಗೆ ದಾರಿ ಮುಚ್ಚುತ್ತದೆ. ಹೊರಹೋಗಲಾರದ ಆವಿ ಹಾಳೆಯಡಿ ಗುಳ್ಳೆಯಾಗುತ್ತದೆ. ಅಂಟಿಸಿದ ದಿನ ಕನ್ನಡಿಯಂತಿದ್ದ ಸ್ಟಿಕ್ಕರ್ ದೀಪಾವಳಿ ಹೊತ್ತಿಗೆ ಬೊಕ್ಕೆ ಎದ್ದಂತಾದರೆ ದೂರು ಹೋಗುವುದು ಸ್ಟಿಕ್ಕರ್ ಅಂಗಡಿಯವನ ಮೇಲೆ, ತಪ್ಪು ಕ್ಯಾಲೆಂಡರಿನದು. ಹೊಸ ಬಣ್ಣಕ್ಕೆ ಕೆಲವು ವಾರ ಬಿಡುವು ಕೊಡುವುದು ಇದಕ್ಕಿರುವ ಸರಳ ಉಪಾಯ.

ಹಳೆಯ ಬಣ್ಣವಾದರೆ ಸ್ವಚ್ಛಗೊಳಿಸುವುದೇ ಅರ್ಧ ಕೆಲಸ. ಶ್ಯಾಂಪೂ ನೀರಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಅದು ಆರುವ ಮುನ್ನವೇ ಮತ್ತೊಂದು ಒಣಬಟ್ಟೆಯಿಂದ ಒರೆಸದಿದ್ದರೆ ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ಸೀಸನ್ನೂ ನೋಡಬೇಕು. ಚನ್ನರಾಯಪಟ್ಟಣದ ಕಡೆಯ ಬಯಲಿನಲ್ಲಿ ಶತ್ರು ಧೂಳು, ಅರಕಲಗೂಡಿನ ಪಶ್ಚಿಮದ ಮಳೆ ಪ್ರದೇಶದಲ್ಲಿ ತೇವ. ಧನುರ್ಮಾಸದ ಮುಂಜಾವಿನಲ್ಲಿ ತಗಡಿನ ಮೇಲೆ ಮಂಜು ಕೂತಿರುತ್ತದೆ, ಚಳಿಗೆ ಅಂಟೂ ಬಿರುಸಾಗಿರುತ್ತದೆ. 10 ಡಿಗ್ರಿಗಿಂತ ಕೆಳಗೆ ಅದು ಹರಿಯುವುದೇ ಕಷ್ಟ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಗಾಡಿಯದು ಇದರ ಉಲ್ಟಾ. ಕಾದ ತಗಡಿಗೆ ಅಂಟು ಮುಟ್ಟಿದ ಕೂಡಲೇ ಕಚ್ಚಿಕೊಳ್ಳುತ್ತದೆ, ವಾರೆಯಾದರೆ ಎತ್ತಿ ಸರಿಮಾಡಲು ಬಿಡುವುದಿಲ್ಲ. ನೆರಳು, ಹದವಾದ ಬೆಚ್ಚಗಿನ ಹೊತ್ತು ಒಳ್ಳೆಯದು.

ಕತ್ತರಿಸಿದ ಅಕ್ಷರಗಳ ಮೇಲೆ ಮಾಸ್ಕಿಂಗ್ ಟೇಪನ್ನು ಹೊದಿಸಿ ಉಜ್ಜಿದರೆ ಅವೆಲ್ಲ ಒಟ್ಟಿಗೆ, ಸಾಲು ಕೆಡದೆ ಕಾಗದದಿಂದ ಏಳುತ್ತವೆ. ಸಣ್ಣ ಬರಹವನ್ನು ಒಣಗಿದ್ದಂತೆಯೇ ಅಂಟಿಸಬಹುದು. ದೊಡ್ಡ ಹಾಳೆಗೆ ಎರಡು ಹನಿ ಶ್ಯಾಂಪೂ ಬೆರೆಸಿದ ನೀರನ್ನು ಬಣ್ಣದ ಮೇಲೆ ಚಿಮುಕಿಸುತ್ತಾರೆ. ಅಂಟು ಮತ್ತು ಬಣ್ಣದ ನಡುವೆ ನೀರಿನ ತೆಳುಪರೆ ಇರುವಷ್ಟು ಹೊತ್ತು ಹಾಳೆ ಜಾರುತ್ತದೆ, ಅಳತೆ ಸರಿಮಾಡಿಕೊಳ್ಳಬಹುದು. ನಂತರ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ನೀರನ್ನೂ ಗಾಳಿಯನ್ನೂ ಹೊರಗೆ ತಳ್ಳಬೇಕು. ಅಂಚಿನಿಂದ ಶುರುಮಾಡಿದರೆ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ಉಳಿದ ಗುಳ್ಳೆಗೆ ಸೂಜಿ ಚುಚ್ಚಿ ಒತ್ತುವುದೇ ಗತಿ. ಹಿಡಿತ ಪೂರ್ತಿ ಕೂಡಲು ಒಂದು ದಿನವಾದರೂ ಬೇಕು, ಅಷ್ಟರೊಳಗೆ ಗಾಡಿ ತೊಳೆಯಬಾರದು.

ಸಮತಟ್ಟಾದ ಬಾಗಿಲು ಸುಲಭ. ಮಡ್‌ಗಾರ್ಡಿನ ಉಬ್ಬು, ತಗಡಿನ ಗೀರು, ರಿವೆಟ್ ಬಂದಾಗ ಹಾಳೆಯ ಜಾತಿ ಗೊತ್ತಾಗುತ್ತದೆ. ಅಗ್ಗದ ಹಾಳೆ ಬಿಸಿ ರೋಲರುಗಳ ನಡುವೆ ಚಪಾತಿಯಂತೆ ಲಟ್ಟಿಸಿದ್ದು. ಲಟ್ಟಿಸಿ ಬಿಟ್ಟ ಮೈದಾ ಹಿಟ್ಟು ಹಿಂದಕ್ಕೆ ಸರಿಯುವ ಹಾಗೆ ಅದೂ ಒಳಗೊಳಗೇ ಕುಗ್ಗಲು ನೋಡುತ್ತಿರುತ್ತದೆ. ದುಬಾರಿ ಹಾಳೆ ದೋಸೆಯಂತೆ ದ್ರವವಾಗಿ ಹುಯ್ದು ಒಣಗಿಸಿದ್ದು, ಅದರಲ್ಲಿ ಈ ಸೆಳೆತ ಕಡಿಮೆ. ಉಬ್ಬುತಗ್ಗಿನ ಮೇಲೆ ಹೀಟ್ ಗನ್ನಿನಿಂದ ಕಾಯಿಸಿ ಹಾಳೆಯನ್ನು ಹಿಗ್ಗಿಸಿ ಕೂರಿಸುತ್ತಾರೆ. ಆಮೇಲೆ ಇನ್ನೊಮ್ಮೆ ಹೆಚ್ಚಿನ ಶಾಖ ಕೊಟ್ಟರೆ ಹೊಸ ಆಕಾರವೇ ಅದಕ್ಕೆ ರೂಢಿಯಾಗುತ್ತದೆ. ಈ ಎರಡನೆಯ ಕಾಯಿಸುವಿಕೆಯನ್ನು ಬಿಟ್ಟರೆ ಗೀರಿನೊಳಗಿನ ಹಾಳೆ ಹಗ್ಗ ಬಿಗಿದಂತೆ ಮೇಲೇಳುತ್ತದೆ.

ರಾತ್ರಿ ಮಿನುಗುವ ಹಾಳೆಯ ಕಥೆ ಬೇರೆ. ಅದರೊಳಗಿನ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಬಂದ ದಿಕ್ಕಿಗೇ ವಾಪಸು ಕಳಿಸುತ್ತವೆ. ಇಂಥ ಹಾಳೆಯ ಮೊದಲ ರಸ್ತೆ ಫಲಕ ಅಮೆರಿಕದ ಮಿನೆಸೊಟದಲ್ಲಿ 1939ರಲ್ಲಿ ನಿಂತಿತು. ಚನ್ನರಾಯಪಟ್ಟಣ, ಹಾಸನ ದಾಟಿ ಶಿರಾಡಿ ಘಾಟಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 75ರ ಲಾರಿಗಳಿಗೆ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಪಟ್ಟಿ ಇರುವುದು ಈ ಕೆಲಸಕ್ಕೆ. ನಂಬರ್ ಪ್ಲೇಟಿನ ವ್ಯಾಪಾರ ಮಾತ್ರ ರೇಡಿಯಂ ಅಂಗಡಿಗಳ ಕೈತಪ್ಪಿದೆ. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳು ಅತಿ ಸುರಕ್ಷಿತ ನೋಂದಣಿ ಫಲಕದೊಂದಿಗೇ ಬರುತ್ತವೆ.

ಬಿಸಿಲು ಸ್ಟಿಕ್ಕರನ್ನು ಮುಪ್ಪಾಗಿಸುತ್ತದೆ. ಮೆದುಕಾರಕ ಮೆಲ್ಲಗೆ ಹೊರಟುಹೋಗಿ ಹಾಳೆ ಗರಿಗರಿಯಾಗುತ್ತದೆ. ಕುಗ್ಗಿದ ಅಂಚಿನಾಚೆ ಬಯಲಾದ ಅಂಟಿಗೆ ಧೂಳು ಮೆತ್ತಿ ಅಕ್ಷರದ ಸುತ್ತ ಕಪ್ಪು ಗೆರೆ ಮೂಡುತ್ತದೆ. ಕೆಂಪು, ಹಳದಿ ಬೇಗ ಮಂಕಾಗುತ್ತವೆ, ಇಂಗಾಲದ ಪುಡಿಯ ಕಪ್ಪು ಬಹುಕಾಲ ತಾಳುತ್ತದೆ. ಬಾಗಿಲಿಗಿಂತ ನೆತ್ತಿಯ ಬಿಸಿಲು ನೇರ ಬೀಳುವ ಬಾನೆಟ್ಟಿನ ಸ್ಟಿಕ್ಕರಿಗೆ ಆಯಸ್ಸು ಕಡಿಮೆ.

ಕೀಳುವಾಗಲೂ ಶಾಖವೇ ಬೇಕು. ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ, ಒಂದು ಮೂಲೆ ಎತ್ತಿ, ಬಣ್ಣಕ್ಕೆ ಒತ್ತಿಕೊಂಡಂತೆ ಹಿಂದಕ್ಕೆ ನಿಧಾನವಾಗಿ ಎಳೆಯಬೇಕು. ಥಟ್ಟನೆ ಎಳೆದರೆ ಗ್ಯಾರೇಜಿನ ಬಣ್ಣ ಸಿಪ್ಪೆಯಾಗಿ ಜೊತೆಗೇ ಬರುತ್ತದೆ. ಉಳಿದ ಅಂಟನ್ನು ಸೀಮೆಎಣ್ಣೆ ಕರಗಿಸುತ್ತದೆ. ತಿನ್ನರ್ ಮುಟ್ಟಿಸಿದರೆ ಅಂಟಿನೊಂದಿಗೆ ಬಣ್ಣವೂ ಹೋಗುತ್ತದೆ. ಇಷ್ಟಾದರೂ ಹೆಸರು ಅಳಿಯದಿರಬಹುದು. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಹಾಳೆಯಡಿಯದು ಹೊಸದರಂತೆಯೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಗಾಡಿಗಳ ಮೇಲೆ ಹಳೆಯ ಮಾಲೀಕನ ಮನೆದೇವರ ಹೆಸರು ಓರೆ ಬೆಳಕಿನಲ್ಲಿ ಓದಲು ಸಿಗುವುದು ಹೀಗೆ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ಸುತ್ತಲಿನ ಮಾಸಿದ ಪದರ ತೆಗೆದರೆ ಅದು ಬಹುಮಟ್ಟಿಗೆ ಮರೆಯಾಗುತ್ತದೆ.