ಹಳೆಯ ಹಡಗು, ಹೊಸ ಯಾನ

ನಾಲ್ಕು ನೂರು ವರ್ಷಗಳ ಹಿಂದಿನ ಹಾಯಿಹಡಗೊಂದು ಇಂದಿನ ಬಂದರಿನೊಳಗೆ ಮೆಲ್ಲನೆ ಬರುವ ದೃಶ್ಯವನ್ನು ಪರದೆಯ ಮೇಲೆ ಕಂಡವರು ಇದು ಯಾವುದೋ ಚಲನಚಿತ್ರದ ಚಿತ್ರೀಕರಣ ಎಂದುಕೊಳ್ಳಬಹುದು. ಹಾಗೇನೂ ಇಲ್ಲ. ಒಂದು ಕಾಲದ ಸಮುದ್ರಯಾನವನ್ನು ನೆನಪಿಸಿಕೊಳ್ಳಲು ಅದೇ ಬಗೆಯ ಹಡಗನ್ನು ಮತ್ತೆ ಕಟ್ಟಿ, ಅದೇ ದಾರಿಯಲ್ಲಿ ನಡೆಸುವುದು ಈಗ ಹಲವು ದೇಶಗಳಲ್ಲಿ ರೂಢಿಯಾಗಿದೆ. 1992ರಲ್ಲಿ ಕೊಲಂಬಸ್‌ನ ಯಾನಕ್ಕೆ ಐನೂರು ವರ್ಷ ತುಂಬಿದಾಗ ಸ್ಪೇನ್ ಹೀಗೆ ಮಾಡಿತು. 1997ರಲ್ಲಿ ಜಾನ್ ಕ್ಯಾಬಟ್‌ನ ‘ಮ್ಯಾಥ್ಯೂ’ ಹಡಗಿನ ಪ್ರತಿಕೃತಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಅಟ್ಲಾಂಟಿಕ್ ದಾಟಿತು. ಇವುಗಳಲ್ಲಿ ಆಸ್ಟ್ರೇಲಿಯಾದ ‘ಡೈಫ್ಕೆನ್’ ನಮ್ಮ ವಿಶೇಷ ಗಮನಕ್ಕೆ ಯೋಗ್ಯವಾದದ್ದು.

ಡೈಫ್ಕೆನ್ ಎಂದರೆ ಡಚ್ ಭಾಷೆಯಲ್ಲಿ ಪುಟ್ಟ ಪಾರಿವಾಳ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಈ ಸಣ್ಣ ನೌಕೆ 1605ರ ಕೊನೆಯಲ್ಲಿ ಜಾವಾದ ಬಾಂಟಮ್‌ನಿಂದ ಹೊರಟು, ನ್ಯೂಗಿನಿಯ ದಂಡೆ ಹಿಡಿದು ಸಾಗಿ, 1606ರಲ್ಲಿ ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಪರ್ಯಾಯದ್ವೀಪದ ಪೆನ್ನೆಫಾದರ್ ನದಿಯ ಬಳಿ ತಲುಪಿತು. ಯೂರೋಪಿನವರು ಆಸ್ಟ್ರೇಲಿಯಾದ ನೆಲ ಮುಟ್ಟಿದ್ದಕ್ಕೆ ಸಿಕ್ಕುವ ಮೊದಲ ದಾಖಲೆ ಇದೇ. ಕ್ಯಾಪ್ಟನ್ ಕುಕ್ ಬಂದದ್ದು ಇದಾಗಿ 164 ವರ್ಷಗಳ ಮೇಲೆ. ವಿನೋದವೆಂದರೆ, ಡೈಫ್ಕೆನ್‌ನ ನಾಯಕ ವಿಲ್ಲೆಮ್ ಯಾನ್ಸೂನ್‌ಗೆ ತಾನು ಹೊಸ ಖಂಡಕ್ಕೆ ಬಂದಿದ್ದೇನೆಂದು ತಿಳಿಯಲೇ ಇಲ್ಲ. ಇದೂ ನ್ಯೂಗಿನಿಯ ಮುಂದುವರಿಕೆ ಎಂದೇ ಅವನು ಭಾವಿಸಿದ್ದ!

ಮೂಲ ಹಡಗಿನ ನಕ್ಷೆ ಯಾವುದೂ ಉಳಿದಿಲ್ಲ. ಆದ್ದರಿಂದ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ 1997ರಲ್ಲಿ ಕೆಲಸ ಆರಂಭಿಸಿದವರು ಆ ಕಾಲದ ಚಿತ್ರಗಳನ್ನೂ ಮುಳುಗಿದ ಹಡಗುಗಳ ಅವಶೇಷಗಳನ್ನೂ ನೋಡಿ ಕಲಿಯಬೇಕಾಯಿತು. 1629ರಲ್ಲಿ ಒಡೆದುಹೋದ ‘ಬಟಾವಿಯಾ’ ಹಡಗಿನ ಮರಮುಟ್ಟು ಅದೇ ಊರಿನ ಸಂಗ್ರಹಾಲಯದಲ್ಲಿದೆ. ಸಾಮಾನ್ಯವಾಗಿ ಮೊದಲು ಪಕ್ಕೆಲುಬುಗಳಂಥ ಚೌಕಟ್ಟು ನಿಲ್ಲಿಸಿ, ಅನಂತರ ಅದರ ಮೇಲೆ ಹಲಗೆ ಜಡಿಯುತ್ತಾರೆಂದು ನಾವು ಊಹಿಸುತ್ತೇವೆ. ಹಳೆಯ ಡಚ್ ಬಡಗಿಗಳ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಹಲಗೆಗಳನ್ನೇ ಒಂದಕ್ಕೊಂದು ಹೊಂದಿಸಿ ಹಡಗಿನ ಹೊಟ್ಟೆಯ ಆಕಾರ ತಂದು, ಆಮೇಲೆ ಒಳಗೆ ಚೌಕಟ್ಟು ಕೂಡಿಸುತ್ತಿದ್ದರು. ಲಾಟ್ವಿಯಾದಿಂದ ತಂದ ದಪ್ಪ ಓಕ್ ಹಲಗೆಗಳನ್ನು ತೆರೆದ ಬೆಂಕಿಯ ಮೇಲೆ ಕಾಯಿಸಿ, ನೀರು ಹನಿಸಿ, ನಿಧಾನವಾಗಿ ಬಗ್ಗಿಸಲಾಯಿತು. ಬೆಂಕಿ ಹೆಚ್ಚಾದರೆ ಹಲಗೆ ಸುಟ್ಟಿತು, ಕಡಿಮೆಯಾದರೆ ಸೀಳಿತು. ಇದನ್ನು ಪುಸ್ತಕದಿಂದ ಕಲಿಯುವುದು ಸಾಧ್ಯವಿಲ್ಲ, ಕೈಯೇ ಕಲಿಯಬೇಕು. ನಾರಗಸೆಯ ಬಟ್ಟೆಯ ಹಾಯಿ, ಸೆಣಬಿನ ಹಗ್ಗ, ಹೀಗೆ ಎಲ್ಲವೂ ಆ ಕಾಲದ ರೀತಿಯಲ್ಲೇ ಸಿದ್ಧವಾಗಿ 1999ರ ಜನವರಿ 24ರಂದು ಹಡಗು ನೀರಿಗಿಳಿಯಿತು. (ಇಂದಿನ ಸುರಕ್ಷತಾ ನಿಯಮಗಳಿಗಾಗಿ ಎಂಜಿನ್ ಸೇರಿಸಿದ್ದಾರೆ, ಅದು ಬೇರೆ ಮಾತು.)

ನಮ್ಮ ಕಾರವಾರದಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ವನ್ನು ಇಲ್ಲಿ ನೆನೆಯಬಹುದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಆ ಹಡಗಿಗೂ ಮೂಲ ನಕ್ಷೆ ಇರಲಿಲ್ಲ; ಅಜಂತಾ ಗುಹೆಯ ಒಂದು ವರ್ಣಚಿತ್ರವೇ ಆಧಾರ.

ಹಡಗು ಕಟ್ಟುವುದರಲ್ಲಿ ಯಾರಿಗೂ ತಕರಾರಿಲ್ಲ. ಅದು ದಂಡೆಗೆ ಬಂದಾಗ ಪ್ರಶ್ನೆ ಏಳುತ್ತದೆ. ಹಡಗಿನಲ್ಲಿದ್ದವರಿಗೆ ‘ಶೋಧನೆ’ ಎನಿಸಿದ್ದು ದಂಡೆಯ ಮೇಲಿದ್ದವರಿಗೆ ಏನಾಗಿತ್ತು? 1788ರಲ್ಲಿ ಕೈದಿಗಳನ್ನು ಹೊತ್ತು ಸಿಡ್ನಿಗೆ ಬಂದ ಹನ್ನೊಂದು ಹಡಗುಗಳ ಯಾನವನ್ನು 1988ರ ಜನವರಿ 26ರಂದು ಮರುನಟಿಸಿದಾಗ, ಬಂದರಿನಲ್ಲಿ ಜನಸಾಗರವೇ ಸೇರಿ ಸಂಭ್ರಮಿಸಿತು. ಅದೇ ದಿನ ಅದೇ ನಗರದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ, ಮೂಲನಿವಾಸಿಗಳೂ ಅವರ ಬೆಂಬಲಿಗರೂ, ಪ್ರತಿಭಟನಾ ಮೆರವಣಿಗೆ ನಡೆಸಿದರು. ಬರ್ನಮ್ ಬರ್ನಮ್ ಎಂಬ ಮೂಲನಿವಾಸಿ ಹೋರಾಟಗಾರರು ಅಂದೇ ಇಂಗ್ಲೆಂಡಿನ ಡೋವರ್ ದಂಡೆಯಲ್ಲಿ ತಮ್ಮ ಜನರ ಬಾವುಟ ನೆಟ್ಟು, ಇಂಗ್ಲೆಂಡನ್ನು ವಶಪಡಿಸಿಕೊಂಡಿದ್ದೇವೆಂದು ಘೋಷಿಸಿದರು. ನಗೆ ಬರಿಸುವ ಈ ಘಟನೆಯ ಹಿಂದಿನ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡೈಫ್ಕೆನ್‌ನವರು ಈ ಪಾಠವನ್ನು ಮರೆಯಲಿಲ್ಲ. 1606ರಲ್ಲಿ ಮೂಲ ಹಡಗು ಹಿಂತಿರುಗಿದ ಜಾಗಕ್ಕೆ ಡಚ್ಚರು ‘ಕೀರ್‌ವೀರ್’, ಅಂದರೆ ಮರಳಿದ ಭೂಶಿರ, ಎಂದು ಹೆಸರಿಟ್ಟರು. ಆ ಯಾನದಲ್ಲಿ ಡಚ್ಚರು ಕೆಲವರು ದಂಡೆಯ ಜನರ ಕೈಯಲ್ಲಿ ಸತ್ತರೆಂದು ಅಂದಿನ ವರದಿ ಹೇಳುತ್ತದೆ. ಕೀರ್‌ವೀರ್ ಸೀಮೆಯ ವಿಕ್ ಜನರೂ ಇದನ್ನು ಬಾಯಿಂದ ಬಾಯಿಗೆ ಕಥೆಯಾಗಿ ಉಳಿಸಿಕೊಂಡಿದ್ದಾರೆ. ಬಂದವರು ನಮ್ಮ ಹೆಂಗಸರ ಮೇಲೆ ಕೈಮಾಡಿದರು, ಅದಕ್ಕೇ ಜಗಳವಾಯಿತು ಎಂಬುದು ಅವರ ಮಾತು. ಹಡಗಿನ ದಿನಚರಿ ಕಳೆದುಹೋಗಿದೆ. ಉಳಿದಿರುವುದು ಭೂಪಟದ ಒಂದು ಪ್ರತಿ ಮತ್ತು ಈ ಕಥೆ. 2000ದ ಆಗಸ್ಟ್‌ನಲ್ಲಿ ಪ್ರತಿಕೃತಿ ನೌಕೆ ಪೆನ್ನೆಫಾದರ್‌ಗೆ ಬಂದಾಗ, ನಾವಿಕರು ಮೊದಲು ಅಲ್ಲಿನ ಹಿರಿಯರ ಅನುಮತಿ ಕೇಳಿ, ಅನಂತರವೇ ನೆಲಕ್ಕೆ ಕಾಲಿಟ್ಟರು. ನನಗೆ ಕಂಡಂತೆ ಇಡೀ ಯಾನದ ತಿರುಳು ಈ ಕ್ಷಣದಲ್ಲಿದೆ.

ಅನುಮತಿ ಕೇಳುವುದೆಂದರೆ ‘ಇಲ್ಲ’ ಎಂಬ ಉತ್ತರವೂ ಬರಬಹುದು. 2019ರಲ್ಲಿ ನ್ಯೂಜಿಲೆಂಡ್, ಕುಕ್ ಬಂದು 250 ವರ್ಷವಾದದ್ದನ್ನು ನೆನೆಯಲು ಅವನ ‘ಎಂಡೆವರ್’ ಹಡಗಿನ ಪ್ರತಿಕೃತಿಯ ಜೊತೆಯಲ್ಲೇ ಮಾವೊರಿಗಳ ಸಾಂಪ್ರದಾಯಿಕ ಜೋಡಿದೋಣಿಗಳನ್ನೂ ಸಾಗಿಸಿತು. ಕುಕ್‌ನ ಕಡೆಯವರು 1769ರಲ್ಲಿ ಮಾವೊರಿಗಳನ್ನು ಕೊಂದ ಗಿಸ್ಬೋರ್ನ್‌ನಲ್ಲಿ ಬ್ರಿಟನ್ನಿನ ಹೈಕಮಿಷನರ್ ವಿಷಾದ ವ್ಯಕ್ತಪಡಿಸಿದರು. ಆದರೂ ಉತ್ತರದ ಮಂಗೊನುಯಿ ಎಂಬ ಊರಿನ ಮಾವೊರಿ ಬುಡಕಟ್ಟು, ನಮ್ಮ ಬಂದರಿಗೆ ಕುಕ್ ಬಂದೇ ಇರಲಿಲ್ಲ, ಈಗ ಅವನ ಹಡಗೂ ಬೇಡ ಎಂದಿತು. ಕಾರ್ಯಕ್ರಮದ ಪಟ್ಟಿಯಿಂದ ಆ ನಿಲುಗಡೆಯನ್ನು ತೆಗೆದುಹಾಕಲಾಯಿತು.