ಮಳೆಯಿರಲಿಲ್ಲ, ಮಂಜಿರಲಿಲ್ಲ: ಕೆಂಜಾರಿನ ಆ ಬೆಳಗು

ವಿಮಾನ ಇಳಿಯುವಾಗ ದುರಂತವಾಯಿತೆಂದರೆ ಜನ ಮೊದಲು ದೂರುವುದು ಹವಾಮಾನವನ್ನು. 2010ರ ಮೇ 22ರ ಶನಿವಾರ ಮಂಗಳೂರಿನ ಬಜಪೆಯಲ್ಲಿ ಹಾಗೆ ದೂರಲು ಆಸ್ಪದವಿರಲಿಲ್ಲ. ಬೆಳಗಿನ ಆರರ ಸುಮಾರು. ಮಳೆಯಿಲ್ಲ, ಗಾಳಿ ಶಾಂತ, ಆರು ಕಿಲೋಮೀಟರ್ ದೂರದವರೆಗೂ ನೋಟ ನಿಚ್ಚಳ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಒಡೆದ ವಿಮಾನದ ಬಿರುಕಿನಿಂದ ಹೊರಬಿದ್ದು ಬದುಕಿದವರು ಎಂಟೇ ಮಂದಿ.

ಸತ್ತವರಲ್ಲಿ ಬಹುಪಾಲು ಗಲ್ಫಿನಲ್ಲಿ ದುಡಿಯುತ್ತಿದ್ದ ದಕ್ಷಿಣ ಕನ್ನಡ, ಕಾಸರಗೋಡು ಕಡೆಯವರು ಮತ್ತು ಅವರ ಮನೆಮಂದಿ. ಗುರುತೇ ಸಿಗದ 12 ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಲಾಯಿತು.

ಬಜಪೆಯದು ಗುಡ್ಡದ ನೆತ್ತಿ ಕಡಿದು ಮಾಡಿದ ನಿಲ್ದಾಣ. ರನ್‌ವೇ ಮುಗಿದಲ್ಲಿ ನೆಲವೂ ಮುಗಿದಂತೆ. 1981ರ ಆಗಸ್ಟ್ 19ರಂದು ಇಲ್ಲಿನ ಹಳೆಯ, ಗಿಡ್ಡ ರನ್‌ವೇಯಲ್ಲಿ, ಮಳೆಯಲ್ಲಿ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಜಾರಿ ಮುಂದಕ್ಕೆ ಹೋಗಿತ್ತು. ಮುಂದೆ ಮುಖ್ಯಮಂತ್ರಿಯಾದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2006ರಲ್ಲಿ ಬಂದ ಹೊಸ ರನ್‌ವೇ ಎಂಟು ಸಾವಿರ ಅಡಿಯದು. 737ಕ್ಕೆ ಧಾರಾಳವಾಗಿ ಸಾಕು.

ಹಾಗಾದರೆ ಆದದ್ದೇನು? ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಧ್ವನಿಮುದ್ರಿಕೆ ಕೇಳಿದಾಗ ಮೊದಲು ಸಿಕ್ಕಿದ್ದು ಗೊರಕೆ. ಕ್ಯಾಪ್ಟನ್ ಜ್ಲಾಟ್ಕೊ ಗ್ಲೂಸಿಕಾ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು. ನಿದ್ದೆಯ ಮಂಪರು ಇಳಿಯುವ ಹೊತ್ತಿಗೂ ಪೂರ್ತಿ ಬಿಟ್ಟಿರಲಿಲ್ಲವೆಂಬುದು ತನಿಖೆಯ ಅಭಿಪ್ರಾಯ. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿಯೂ ತಡವಾಗಿತ್ತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ, ಬಹಳ ವೇಗದಲ್ಲಿ ಬರುತ್ತಿತ್ತು.

ಇಂಥಲ್ಲಿ ಮಾಡಬೇಕಾದ್ದು ಒಂದೇ: ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ ಒಂದು ಸುತ್ತು ಬರುವುದು. ವೈಮಾನಿಕರ ಭಾಷೆಯಲ್ಲಿ ‘ಗೋ ಅರೌಂಡ್’. ಸಹ ಪೈಲಟ್ ಎಚ್.ಎಸ್. ಅಹ್ಲುವಾಲಿಯಾ ಮೂರು ಬಾರಿ ಹಾಗೆಂದರು. ಕ್ಯಾಪ್ಟನ್ ಕೇಳಲಿಲ್ಲ. ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಆಗಲೂ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ರನ್‌ವೇಯಲ್ಲೇ ನಿಲ್ಲುತ್ತಿತ್ತು ಎಂಬ ವರದಿಯ ಮಾತು ಓದಿದಾಗ ಸಂಕಟವಾಗುತ್ತದೆ. ಅವರು ಬ್ರೇಕ್ ಹಾಕಿದರು, ಮತ್ತೆ ಮನಸ್ಸು ಬದಲಿಸಿ ಹಾರಲು ನೋಡಿದರು. ಎರಡೂ ಆಗಲಿಲ್ಲ. ಬಲರೆಕ್ಕೆ ಆಂಟೆನಾದ ಕಟ್ಟಡಕ್ಕೆ ಬಡಿಯಿತು, ಅದರಾಚೆ ಕಣಿವೆ.

ಹಿರಿಯರ ಮಾತಿಗೆ ಎದುರಾಡಬಾರದೆಂಬುದು ನಮ್ಮ ಮನೆಗಳಲ್ಲಿ ಒಳ್ಳೆಯ ಗುಣ. ಕಾಕ್‌ಪಿಟ್‌ನಲ್ಲಿ ಅದು ಅಪಾಯ. ಅಪಾಯ ಕಂಡರೆ ಕಿರಿಯನೇ ನಿಯಂತ್ರಣ ಕೈಗೆತ್ತಿಕೊಳ್ಳಬಹುದು. ಆದರೆ ಸೆಕೆಂಡುಗಳ ಲೆಕ್ಕದಲ್ಲಿ ಹಿರಿಯನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಹೇಳಿದಷ್ಟು ಸುಲಭವೇ?

ಹತ್ತು ವರ್ಷದ ಬಳಿಕ, 2020ರ ಆಗಸ್ಟ್ 7ರ ರಾತ್ರಿ, ಕೋಯಿಕ್ಕೋಡ್‌ನಲ್ಲಿ ಹವಾಮಾನವೂ ಕೈಕೊಟ್ಟಿತ್ತು. ಅದೇ ಸಂಸ್ಥೆ, ದುಬೈಯಿಂದಲೇ, ಅಂಥದ್ದೇ ಗುಡ್ಡದ ಮೇಲಿನ ನಿಲ್ದಾಣ. ಜಡಿಮಳೆ, ಹಿಂದಿನಿಂದ ನೂಕುವ ಗಾಳಿ, ಕ್ಯಾಪ್ಟನ್ ಕಡೆಯ ಗಾಜಿನ ಕೆಟ್ಟ ವೈಪರ್. ಅಲ್ಲೂ ರನ್‌ವೇಯ ಅರ್ಧ ಕಳೆದ ಮೇಲೆ ಚಕ್ರ ಊರಿತು. ಅಲ್ಲೂ ಸಹ ಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ತೀರಿಕೊಂಡರು. ಬೆಂಕಿ ಹತ್ತಲಿಲ್ಲವಾದ್ದರಿಂದ ಉಳಿದವರನ್ನು ಆ ಮಳೆಯಲ್ಲೇ ಊರಿನ ಜನ ಹೊರಗೆಳೆದರು.