ಮೂರು ಪಬ್ಬು, ಆರು ಸಾವಿರ ದೆವ್ವ

ಮೀಸೆ ಬೆಳ್ಳಗಾದ ಮೇಲೂ ನನಗೆ ಇಪ್ಪತ್ತೊಂದು ತುಂಬಿದೆಯೋ ಇಲ್ಲವೋ ಎಂದು ಯಾರಾದರೂ ಪರೀಕ್ಷಿಸುತ್ತಾರೆ ಅಂದುಕೊಂಡಿರಲಿಲ್ಲ. ಗ್ಯಾಲ್ವೆಸ್ಟನ್ನಿನ ಮೊದಲ ಪಬ್ಬಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ ಹುಡುಗ ನನ್ನ ಪಾಸ್‌ಪೋರ್ಟ್ ತೆರೆದು, ಹುಟ್ಟಿದ ವರ್ಷವನ್ನೂ ಮುಖವನ್ನೂ ಎರಡೆರಡು ಸಲ ನೋಡಿ ಒಳಗೆ ಬಿಟ್ಟ. ಟೆಕ್ಸಾಸಿನಲ್ಲಿ ಕುಡಿಯುವವರಿಗೆ ಅಷ್ಟು ವಯಸ್ಸಾಗಿರಬೇಕು. ದೆವ್ವಗಳಿಗೆ ಮಾತ್ರ ಈ ಕಾನೂನು ಅನ್ವಯಿಸುವುದಿಲ್ಲ ಎಂದ ನಮ್ಮ ಗೈಡ್. ಕಪ್ಪು ಕೋಟು, ಎತ್ತರದ ಟೋಪಿ, ಕೈಯಲ್ಲಿ ಬ್ಯಾಟರಿ ಹಾಕಿದ ಲಾಂದ್ರ. ಅದು ಆ ರಾತ್ರಿಯ ಅವನ ಮೊದಲ ಜೋಕು.

ಹ್ಯೂಸ್ಟನ್ನಿನ ಕನ್ನಡದ ಮನೆಗಳಿಗೆ ಊರಿಂದ ಯಾರೇ ಬರಲಿ, ತೋರಿಸುವ ಜಾಗಗಳು ಹೆಚ್ಚುಕಡಿಮೆ ಗೊತ್ತಾದವೇ. ನಾಸಾ, ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ, ಆಮೇಲೆ ಗ್ಯಾಲ್ವೆಸ್ಟನ್ ಬೀಚು. ಸುಮಾರು 80 ಕಿಲೋಮೀಟರ್ ದಾರಿ. ನೀರು ಕಂದು ಬಣ್ಣದ್ದು; ಮಲ್ಪೆ, ಗೋಕರ್ಣ ಕಂಡ ಕಣ್ಣಿಗೆ ಮೊದಲ ನೋಟದಲ್ಲಿ ಇಷ್ಟೇನಾ ಅನಿಸುತ್ತದೆ. ಹಾಗೆ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ ನನ್ನನ್ನು ನೋಡಿ ತಂಗಿಯ ಗಂಡ, "ಭಾವ, ಈ ಊರು ಬೆಳಕಲ್ಲಿ ನೋಡೋದಲ್ಲ, ಕತ್ತಲಾಗಲಿ" ಎಂದ. ಅಕ್ಟೋಬರ್ ತಿಂಗಳು. ಅಮೆರಿಕದವರು ಕುಂಬಳಕಾಯಿಗೆ ಕಣ್ಣು ಕೊರೆದು ಜಗಲಿಗಿಡುವ ಕಾಲ, ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಆಗಷ್ಟೇ ಮುಗಿದಿರುವ ಕಾಲ. ಅವನು ಮೊದಲೇ ಎರಡು ಟಿಕೆಟ್ ಕಾದಿರಿಸಿದ್ದ. ಕಾರು ಓಡಿಸಬೇಕಾದವನು ಅವನೇ ಆದ್ದರಿಂದ ಅವನ ಪಾಲಿಗೆ ಇಡೀ ರಾತ್ರಿ ಬರೀ ಜಿಂಜರ್ ಏಲ್.

ಪಬ್ ಕ್ರಾಲ್ ಎಂದರೆ ಒಂದು ಪಬ್ಬಿನಿಂದ ಮತ್ತೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ, ಪ್ರತಿ ಕಡೆ ಒಂದೊಂದು ಲೋಟ ಇಳಿಸುತ್ತ ಸಾಗುವುದು. ಕ್ರಾಲ್ ಎಂದರೆ ತೆವಳುವುದು. ಕಡೆಯ ಪಬ್ಬಿನ ಹೊತ್ತಿಗೆ ಹೆಸರು ಅನ್ವರ್ಥವಾಗುತ್ತದೆ. ಇದಕ್ಕೆ ದೆವ್ವದ ಕಥೆ ಕಟ್ಟಿದ್ದು ಈಚಿನವರು. ಕತ್ತಲಲ್ಲಿ ಜನರನ್ನು ಕರೆದೊಯ್ದು ಊರಿನ ದೆವ್ವಗಳನ್ನು ಪರಿಚಯಿಸುವ ನಡಿಗೆ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1973ರಲ್ಲೇ ಶುರುವಾಗಿತ್ತು. ಪ್ರಪಂಚದಲ್ಲೇ ಮೊದಲನೆಯದು ತಮ್ಮದು ಎನ್ನುತ್ತಾರೆ ಅಲ್ಲಿಯವರು. ಆ ನಡಿಗೆಯೂ ಈ ತೆವಳಿಕೆಯೂ ಬೆರೆತು ಅಮೆರಿಕದ ಹಳೆಯ ರೇವುಪಟ್ಟಣಗಳಲ್ಲಿ ಒಂದು ಕಸುಬೇ ಆಗಿಬಿಟ್ಟಿದೆ. ಸವಾನ್ನ, ನ್ಯೂ ಆರ್ಲಿಯನ್ಸ್, ಕೀ ವೆಸ್ಟ್, ಹೀಗೆ ಸಮುದ್ರ, ಸಾರಾಯಿ, ಸಾವು ಮೂರೂ ಸೇರಿದ ಊರುಗಳೆಲ್ಲ ಇದಕ್ಕೆ ಹೇಳಿ ಮಾಡಿಸಿದಂತಿವೆ.

ಕಸುಬಿನ ಒಳಗುಟ್ಟು ಸರಳ. ಎರಡು ಗಂಟೆ, ಮೂರು ಪಬ್ಬು. ಟಿಕೆಟ್ಟಿನಲ್ಲಿ ಕಥೆ ಮಾತ್ರ ಸೇರಿದೆ, ಕುಡಿತದ ದುಡ್ಡು ಬೇರೆ. ಒಳಗೆ ಹಾಡು, ಗದ್ದಲ. ಹಾಗಾಗಿ ಕಥೆಯೆಲ್ಲ ಹೊರಗೆ, ಫುಟ್‌ಪಾತಿನಲ್ಲಿ. ಕಥೆಯ ಉದ್ದ ಎಷ್ಟಿರಬೇಕೆಂದು ತೀರ್ಮಾನಿಸುವುದು ಕೇಳುಗರ ಕಾಲುನೋವು. ಒಳಗೆ ಹೋದ ಮೇಲೆ ಇಪ್ಪತ್ತು ನಿಮಿಷ, ಗೈಡ್ ಲಾಂದ್ರ ಎತ್ತಿದರೆ ಲೋಟ ಕೆಳಗಿಡಬೇಕು. ಗಿರಾಕಿ ಕಡಿಮೆಯಿರುವ ವಾರದ ದಿನ ಹದಿನೈದು ಜನರನ್ನು ಒಟ್ಟಿಗೆ ತಂದು ಬಿಡುವ ಗೈಡ್ ಎಂದರೆ ಪಬ್ಬಿನವರಿಗೂ ಅಕ್ಕರೆ. ಗುಂಪಿನ ಕೈಗೆ ಒಂದು ಪುಟ್ಟ ಯಂತ್ರವನ್ನೂ ಕೊಡುತ್ತಾರೆ, ವಿದ್ಯುತ್ಕಾಂತ ಕ್ಷೇತ್ರ ಅಳೆಯುವಂಥದ್ದು. ದೆವ್ವ ಹತ್ತಿರ ಬಂದರೆ ಹಸಿರು ದೀಪ ಕೆಂಪಾಗುತ್ತದಂತೆ. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದ ಮಾವನ ಮಗ ಪಕ್ಕದಲ್ಲಿದ್ದಿದ್ದರೆ ಗೋಡೆಯೊಳಗೆ ವೈರು ಎಲ್ಲೆಲ್ಲಿ ಹಾದಿದೆ ಎಂದು ಅದರಲ್ಲೇ ನಕ್ಷೆ ಬರೆದು ಕೊಡುತ್ತಿದ್ದ.

ನಾವು ಸುತ್ತಿದ್ದು ಸ್ಟ್ರ್ಯಾಂಡ್ ಎಂಬ ಬೀದಿ. ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿಯ ವ್ಯಾಪಾರಿಗಳು, ಬ್ಯಾಂಕಿನವರು, ಹಡಗಿನ ಏಜೆಂಟರು ಇದ್ದ ಬೀದಿ ಇದು. ನೈಋತ್ಯದ ವಾಲ್ ಸ್ಟ್ರೀಟ್ ಎಂಬ ಬಿರುದಿತ್ತು. ಎರಕದ ಕಬ್ಬಿಣದ ಮುಖ ಹೊತ್ತ ಮೂರು ನಾಲ್ಕು ಮಹಡಿಯ ಕಟ್ಟಡಗಳು ಈಗಲೂ ಸಾಲಾಗಿ ನಿಂತಿವೆ. ಉಳಿದದ್ದು ಯಾಕೆ ಎಂಬುದೇ ಸ್ವಾರಸ್ಯ. 1914ರಲ್ಲಿ ಹ್ಯೂಸ್ಟನ್ನಿನವರು ಹಡಗು ಬರುವಷ್ಟು ಆಳದ ಕಾಲುವೆ ತೋಡಿಕೊಂಡು ವ್ಯಾಪಾರವನ್ನು ತಮ್ಮ ಅಂಗಳಕ್ಕೆ ಎಳೆದುಕೊಂಡರು. ಗ್ಯಾಲ್ವೆಸ್ಟನ್ ಬಡವಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಕಾಸಿರಲಿಲ್ಲ. ಈ ಊರಿನವನೇ ಆಗಿ, ತೈಲ ಮತ್ತು ಅನಿಲದಲ್ಲಿ ದುಡ್ಡು ಮಾಡಿದ ಜಾರ್ಜ್ ಮಿಚೆಲ್ ಮತ್ತು ಅವನ ಹೆಂಡತಿ ಸಿಂಥಿಯಾ 1970ರ ದಶಕದಿಂದ ಒಂದೊಂದಾಗಿ ಕಟ್ಟಡಗಳನ್ನು ಕೊಂಡು ರಿಪೇರಿ ಮಾಡಿಸುವತನಕ ಅವು ಹಾಗೇ ಧೂಳು ತಿನ್ನುತ್ತಿದ್ದವು. ದೆವ್ವಕ್ಕೆ ಇರಲು ಹಳೆಯ ಮನೆ ಬೇಕಲ್ಲ, ಅದನ್ನು ಕಾಪಾಡಿಕೊಟ್ಟದ್ದು ಬಡತನ.

ಮೊದಲ ಕಥೆ ಒಬ್ಬ ಹೆಣ್ಣುಮಗಳದ್ದು. ಸಮುದ್ರಕ್ಕೆ ಮುಖ ಮಾಡಿ ನಿಂತ ಗಾಲ್ವೆಜ್ ಹೋಟೆಲ್ 1911ರಲ್ಲಿ ಬಾಗಿಲು ತೆರೆದದ್ದು. ಅದರ 501ನೇ ಕೋಣೆಯಲ್ಲಿ ಉಳಿದಿದ್ದ ಹುಡುಗಿ ಹಡಗಿನಲ್ಲಿ ಹೋದ ತನ್ನ ನಲ್ಲನಿಗಾಗಿ ಕಾಯುತ್ತಿದ್ದಳಂತೆ. ಹಡಗು ಮುಳುಗಿತು ಎಂಬ ಸುದ್ದಿ ಬಂದು ನೇಣು ಹಾಕಿಕೊಂಡಳಂತೆ. ಕೆಲವೇ ದಿನಗಳಲ್ಲಿ ಹುಡುಗ ಜೀವಂತ ಬಂದಿಳಿದನಂತೆ. ಎಲ್ಲವೂ ಅಂತೆ. ಕೇಳುತ್ತ ಕೇಳುತ್ತ ಇವಳನ್ನು ನಾನು ಮೊದಲೇ ಬಲ್ಲೆ ಅನಿಸಿತು. ನಮ್ಮೂರ ಕೆರೆ ಏರಿಯ ಹುಣಸೆ ಮರದಲ್ಲಿ ಬಿಳಿ ಸೀರೆ ಉಟ್ಟು ಕೂತಿರುತ್ತಿದ್ದವಳು ಇವಳೇ. ಸೀರೆ ಬಿಟ್ಟು ಗೌನು ತೊಟ್ಟಿದ್ದಾಳೆ, ಅಷ್ಟೆ. ಊರೂರಿನ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದು ದೆವ್ವವನ್ನು ಸಾಗಹಾಕಿದ ನಾಡಿನವನು ನಾನು. ಆ ಉಪಾಯವನ್ನು ಗೈಡಿಗೆ ಹೇಳಿದೆ. ಅವನು ನಿಜಕ್ಕೂ ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡ. ಮುಂದಿನ ವಾರದ ಗುಂಪಿಗೆ ಅದು ಟೆಕ್ಸಾಸಿನ ಹಳೆಯ ಪದ್ಧತಿಯಾಗಿ ಕೇಳಿಸಿದರೂ ಆಶ್ಚರ್ಯವಿಲ್ಲ.

ಎರಡನೆಯ ಪಬ್ಬಿನ ಹೊತ್ತಿಗೆ ದೆವ್ವ ಹಿಂದೆ ಸರಿದು ಕಳ್ಳಸಾಗಣೆ ಮುಂದೆ ಬಂತು. 1817ರಿಂದ ನಾಲ್ಕು ವರ್ಷ ಈ ದ್ವೀಪವನ್ನು ಆಳಿದ ಕಡಲ್ಗಳ್ಳ ಜಾನ್ ಲಫೀಟನನ್ನು ಗೈಡ್ ಒಂದೇ ಉಸಿರಿನಲ್ಲಿ ಮುಗಿಸಿದ. ಗೈಡಿಗೆ ಪ್ರೀತಿ ಇದ್ದದ್ದು ಮಸೇಯೊ ಅಣ್ಣತಮ್ಮಂದಿರ ಮೇಲೆ. ಸಿಸಿಲಿಯಿಂದ ಬಂದು ಇಲ್ಲಿ ಕ್ಷೌರ ಮಾಡಿಕೊಂಡಿದ್ದ ಇವರು ಪಾನನಿಷೇಧದ ಕಾಲದಲ್ಲಿ ಸಮುದ್ರದ ಮೂಲಕ ಬರುವ ಹೆಂಡ, ಆಮೇಲೆ ಜೂಜು, ಎರಡನ್ನೂ ಹಿಡಿದು ಊರಿನ ದೊಡ್ಡವರಾದರು. ಕಾನೂನಿಗೆ ಸೊಪ್ಪು ಹಾಕದ ಈ ಊರಿಗೆ ಗ್ಯಾಲ್ವೆಸ್ಟನ್ ಸ್ವತಂತ್ರ ರಾಜ್ಯ ಎಂಬ ಅಡ್ಡಹೆಸರು ಬಿತ್ತು. ಅವರ ಬಾಲಿನೀಸ್ ರೂಮ್ ಎಂಬ ಕ್ಲಬ್ಬು ನೀರಿನೊಳಗೆ ಕಂಬ ನೆಟ್ಟು ಸುಮಾರು 600 ಅಡಿ ಚಾಚಿತ್ತು, ಜೂಜಿನ ಕೋಣೆ ತುತ್ತತುದಿಯಲ್ಲಿ. ದಡದ ಬಾಗಿಲಿಗೆ ಪೊಲೀಸರು ಬಂದೊಡನೆ ಒಳಗೆ ಸೂಚನೆ ಹೋಗುತ್ತಿತ್ತು; ಅವರು ಅಷ್ಟುದ್ದ ನಡೆದು ಮುಟ್ಟುವ ಹೊತ್ತಿಗೆ ಮೇಜುಗಳು ಮಡಚಿಕೊಂಡು, ಮರ್ಯಾದಸ್ಥರು ಇಸ್ಪೀಟಾಟದ ಎಲೆ ಹಿಡಿದು ಸುಮ್ಮನೆ ಕಾಲ ಕಳೆಯುತ್ತಿರುತ್ತಿದ್ದರು. 1957ರಲ್ಲಿ ಇದಕ್ಕೆಲ್ಲ ಬೀಗ ಬಿತ್ತು. ಕಟ್ಟಡವನ್ನು 2008ರ ಐಕ್ ಚಂಡಮಾರುತ ಹೊತ್ತೊಯ್ಯಿತು.

ಮೂರನೆಯ ಪಬ್ಬಿಗೆ ಮೊದಲು ಒಂದು ಮೂಲೆಯಲ್ಲಿ ಗೈಡ್ ಲಾಂದ್ರ ಆರಿಸಿದ. ಆಮೇಲಿನ ಮಾತಿನಲ್ಲಿ ಜೋಕು ಇರಲಿಲ್ಲ.

1900ರ ಸೆಪ್ಟೆಂಬರ್ 8, ಶನಿವಾರ. ದ್ವೀಪ ಎಂದರೆ ಸುಮಾರು 43 ಕಿಲೋಮೀಟರ್ ಉದ್ದದ ಮರಳ ದಿಣ್ಣೆ. ಊರಿನಲ್ಲಿ 37 ಸಾವಿರಕ್ಕೂ ಮಿಕ್ಕಿ ಜನ. ಅತಿ ಎತ್ತರದ ನೆಲವೂ ಸಮುದ್ರದಿಂದ ಒಂಬತ್ತು ಅಡಿ ಮೇಲಿರಲಿಲ್ಲ. ಅಂದು ಚಂಡಮಾರುತದಲ್ಲಿ ಏರಿ ಬಂದ ನೀರು ಹದಿನೈದು ಅಡಿ. ಇಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ ಒಂಬತ್ತು ವರ್ಷ ಹಿಂದೆ ಪತ್ರಿಕೆಗೆ ಬರೆದು, ಚಂಡಮಾರುತ ಈ ಊರನ್ನು ಹಾಳುಗೆಡವುತ್ತದೆ ಎನ್ನುವುದು ಬರೀ ಭ್ರಮೆ ಎಂದು ಸಾಧಿಸಿದ್ದ. ಆ ರಾತ್ರಿ ಅವನ ತುಂಬು ಬಸುರಿ ಹೆಂಡತಿ ನೀರುಪಾಲಾದಳು. ಊರ ಹೊರಗಿನ ಸೇಂಟ್ ಮೇರೀಸ್ ಅನಾಥಾಲಯದಲ್ಲಿ ಹತ್ತು ಮಂದಿ ಸನ್ಯಾಸಿನಿಯರು ಬಟ್ಟೆ ಒಣಹಾಕುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು, ಯಾರೂ ಕೈತಪ್ಪಬಾರದೆಂದು. ಹತ್ತು ಮಂದಿಯೂ ಹೋದರು, 90 ಮಕ್ಕಳೂ ಹೋದರು. ಉಳಿದದ್ದು ಮೂವರು ಹುಡುಗರು. ಹೆಣಗಳು ಸಿಕ್ಕಾಗಲೂ ಹಗ್ಗ ಬಿಚ್ಚಿರಲಿಲ್ಲ. ಇಡೀ ದ್ವೀಪದಲ್ಲಿ ಸತ್ತವರು ಕಡಿಮೆಯೆಂದರೆ ಆರು ಸಾವಿರ. ಎಂಟು ಸಾವಿರ ಎನ್ನುವವರೂ ಇದ್ದಾರೆ. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜನರನ್ನು ಕೊಂದ ಪ್ರಕೃತಿ ವಿಕೋಪ ಇನ್ನೊಂದಿಲ್ಲ.

ಆಮೇಲಿನದು ನನ್ನನ್ನು ಹಿಡಿದು ನಿಲ್ಲಿಸಿತು. ಸೆಪ್ಟೆಂಬರ್ ಸೆಕೆ. ಹೂಳಲು ನೆಲವೆಲ್ಲ ನೀರು. ಸ್ಟ್ರ್ಯಾಂಡ್ ಬೀದಿಯ ಗೋದಾಮು ಶವಾಗಾರವಾಯಿತು. ಸುಮಾರು 700 ಹೆಣಗಳನ್ನು ದೋಣಿಗೆ ಹೇರಿ ಸಮುದ್ರದಲ್ಲಿ ಮುಳುಗಿಸಿ ಬರುವುದೆಂದಾಯಿತು. ಈ ಕೆಲಸಕ್ಕೆ ಯಾರು ಬರುತ್ತಾರೆ? ಸೈನಿಕರು ಬೀದಿಯಲ್ಲಿ ಸಿಕ್ಕ ಗಂಡಸರನ್ನು, ಬಹುಪಾಲು ಕಪ್ಪು ವರ್ಣದವರನ್ನು, ಬಂದೂಕಿನ ಬಾಯಲ್ಲಿ ಹಿಡಿದು ತಂದರು. ನಾತ ತಡೆಯಲೆಂದು ವಿಸ್ಕಿ ಕೊಟ್ಟರು, ಬೇಕೆಂದಷ್ಟು. ಕೆಲಸ ಮುಗಿಯಿತು. ಮುಳುಗಿಸಿದ ಹೆಣಗಳು ಒಂದೆರಡು ದಿನದಲ್ಲಿ ಅದೇ ದಡಕ್ಕೆ ತೇಲಿ ವಾಪಸು ಬಂದವು. ಕಡೆಗೆ ಸಿಕ್ಕಸಿಕ್ಕಲ್ಲಿ ಚಿತೆ ಒಟ್ಟಿ ಸುಟ್ಟರು. ವಾರಗಟ್ಟಲೆ ಊರಲ್ಲಿ ಹೊಗೆ ಆಡಿತು, ವಾರಗಟ್ಟಲೆ ವಿಸ್ಕಿ ಹರಿಯಿತು.

ಇದೇ ಬೀದಿಯ 22ನೇ ಅಡ್ಡರಸ್ತೆಯ ಮೂಲೆಯಲ್ಲಿ ಗ್ರೇಂಜರ್ ಎಂಬ ಜನರಲ್‌ನ ಕಚೇರಿ ಇತ್ತು. 1865ರ ಜೂನ್ 19ರಂದು ಟೆಕ್ಸಾಸಿನ ಗುಲಾಮರೆಲ್ಲ ಸ್ವತಂತ್ರರು ಎಂಬ ಆಜ್ಞೆ ಹೊರಬಿದ್ದದ್ದು ಇಲ್ಲಿಂದ. ಜೂನ್‌ಟೀನ್ತ್ ಎಂಬ ಹಬ್ಬ ಹುಟ್ಟಿದ್ದು ಅದರಿಂದ. ಅಲ್ಲಿಂದ ಆ ಹೆಣದ ದೋಣಿಗೆ ಮೂವತ್ತೈದೇ ವರ್ಷ. ಗೈಡ್ ಈ ಎರಡನ್ನೂ ಸೇರಿಸಿ ಹೇಳಲಿಲ್ಲ. ನಡೆದು ಬಂದ ದಾರಿಯಲ್ಲಿ ಗೋಡೆಗಳನ್ನು ನೋಡಿಕೊಂಡು ಬಂದಿದ್ದರಿಂದ ನನಗೆ ತಾನಾಗಿ ಹೊಳೆಯಿತು. ಆ ದೋಣಿ ಹತ್ತಿದವರಲ್ಲಿ ಒಬ್ಬನ ಹೆಸರಾಗಲಿ, ದೆವ್ವವಾಗಲಿ ಆ ರಾತ್ರಿಯ ಯಾವ ಕಥೆಯಲ್ಲೂ ಇರಲಿಲ್ಲ. ಹೋಟೆಲಿನ ಹುಡುಗಿಗೆ ಕೋಣೆಯ ನಂಬರು ಸಮೇತ ದೆವ್ವದ ಪಟ್ಟ ಸಿಕ್ಕಿದೆ.

ಊರು ಮತ್ತೆ ಎದ್ದದ್ದೂ ಕಥೆಯೇ. ಸಮುದ್ರಕ್ಕೆ 17 ಅಡಿಯ ಗೋಡೆ ಕಟ್ಟಿದರು, ಮೊದಲ ಮೂರು ಮೈಲಿ 1904ರಲ್ಲಿ ಮುಗಿಯಿತು. ಅದಕ್ಕೆ ಸರಿಯಾಗಿ ಊರನ್ನೇ ಮೇಲೆತ್ತಿದರು. ಸುಮಾರು ಎರಡು ಸಾವಿರ ಕಟ್ಟಡಗಳನ್ನು ಜಾಕಿ ಕೊಟ್ಟು ಎತ್ತಿ, ಅಡಿಗೆ ಮರಳು ಬೆರೆತ ನೀರನ್ನು ಪಂಪು ಮಾಡಿ ತುಂಬಿದರು. ಮೂರು ಸಾವಿರ ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚು ಐದು ಅಡಿ ಮೇಲೆದ್ದಿತು. ಜನ ವರ್ಷಗಟ್ಟಲೆ ಹಲಗೆಯ ಸೇತುವೆಗಳ ಮೇಲೆ ಓಡಾಡಿದರು. ಬ್ರಾಡ್‌ವೇ ರಸ್ತೆಯ ಆಷ್ಟನ್ ವಿಲ್ಲಾ ಎಂಬ ಬಂಗಲೆಯ ಕಬ್ಬಿಣದ ಬೇಲಿ ಇವತ್ತಿಗೂ ಅರ್ಧ ನೆಲದೊಳಗಿದೆ. ಮೊಣಕಾಲೆತ್ತರ ಕಾಣುವುದು ಅದರ ತಲೆ ಮಾತ್ರ. ಬೆಳಗ್ಗೆ ಬಂದು ನೋಡಿ, ಅದೇ ನಿಜವಾದ ದೆವ್ವ ಎಂದ ಗೈಡ್. ನೋಡಿದೆವು. ಆ ಮಾತಿನ ಮಟ್ಟಿಗೆ ಅವನಿಗೆ ಕೊಟ್ಟ ಟಿಪ್ಸ್ ಸಾರ್ಥಕ.

ಮೂರನೆಯ ಪಬ್ಬಿನಲ್ಲಿ ನಾನು ವಿಸ್ಕಿ ಕೇಳಿದೆ. ಆವರೆಗೆ ಬಿಯರಿನಲ್ಲಿದ್ದೆ. ಗುಂಪು ಬೇಗ ಮೊದಲಿನ ಗಲಾಟೆಗೆ ಮರಳಿತು. ಯಾರೋ ಯಂತ್ರ ಹಿಡಿದು ಫ್ರಿಜ್ಜಿನ ಪಕ್ಕ ದೆವ್ವ ಕಂಡುಹಿಡಿದರು. ತಂಗಿಯ ಗಂಡ ಮಂಡ್ಯದ ಕಡೆಯವನು. ಅವರ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯಲ್ಲಿ ಮುದ್ದೆ, ಬಾಡಿನ ಸಾರಿನ ಜೊತೆಗೆ ತಾತನಿಗೆಂದು ಒಂದು ಕ್ವಾರ್ಟರ್ ಬಾಟಲು, ಒಂದು ಕಟ್ಟು ಬೀಡಿ. ಎಡೆ ಇಟ್ಟು ಎಲ್ಲರೂ ಹೊರಬಂದು ಬಾಗಿಲು ಹಾಕುತ್ತಾರೆ. ಹಿರಿಯರು ನಾಚಿಕೊಳ್ಳದೆ ಉಣ್ಣಲಿ ಎಂದು. ಒಂದಷ್ಟು ಹೊತ್ತಿನ ಮೇಲೆ ಕೆಮ್ಮಿ, ಸದ್ದು ಮಾಡಿ ಬಾಗಿಲು ತೆಗೆಯುವುದು. ಈ ಸಲವೂ ತಪ್ಪಿಸಿಕೊಂಡೆ ಎಂದು ಅವನು ಕಾರಿನಲ್ಲಿ ಬರುವಾಗ ಪೇಚಾಡಿಕೊಂಡಿದ್ದ.

ಲಾಂದ್ರ ಎದ್ದಿತು. ನನ್ನ ಲೋಟದಲ್ಲಿ ಇನ್ನೂ ಎರಡು ಬೆರಳು ವಿಸ್ಕಿ ಇತ್ತು. ಮೇಜು ಒರೆಸಲು ಬಂದ ಹುಡುಗಿ ತೆಗೆಯಲಾ ಎಂಬಂತೆ ಲೋಟದ ಮೇಲೆ ಕೈ ಇಟ್ಟಳು. ನಾನು ತಲೆಯಾಡಿಸುವುದರೊಳಗೆ ತಂಗಿಯ ಗಂಡ ಇಂಗ್ಲಿಷಿನಲ್ಲಿ, ಐದು ನಿಮಿಷ ಅದು ಅಲ್ಲೇ ಇರಲಿ ಅಂದ. ಇಬ್ಬರೂ ಎದ್ದು ಹೊರಗೆ ಬಂದು, ಬಾಗಿಲು ಎಳೆದುಕೊಂಡೆವು.